ಸುಂಕಕ್ಕೆ ಹೊತ್ತ ಹರಕೆ

ಸಯನ್, ನಮ್ಮ ಕೋಣೆ

ಉದ್ದಿನ ಹಪ್ಪಳದ ಹಿಟ್ಟು ಕುಟ್ಟುತ್ತ ಕೂತಿದ್ದೆ. ಹಪ್ಪಳದ ಹಿಟ್ಟು ಹಟಮಾರಿ ಕೂಸಿನ ಹಾಗೆ. ನಡುವೆ ಕೈಬಿಟ್ಟರೆ ಕಲ್ಲಾಗುತ್ತದೆ. ಅಂಥ ಹೊತ್ತಿಗೇ ನನ್ನ ತಮ್ಮ ಸೀನ ಚಾಳಿನ ಮೆಟ್ಟಿಲು ದಡದಡ ಹತ್ತಿ ಬಂದು ಬಾಗಿಲಲ್ಲಿ ನಿಂತು ಕೂಗಿದ.

"ಅಕ್ಕಾ, ಗೆದ್ವಿ! ಸುಂಕಾ ಏರಿಸ್ಯಾರ!"

ಸುಂಕ ಏರಿದ್ದಕ್ಕೆ ತಲೆಯ ಮೇಲೆ ಕೈ ಹೊತ್ತವರನ್ನು ಕಂಡಿದ್ದೆ, ಕುಣಿದವರನ್ನು ಕಂಡಿರಲಿಲ್ಲ. ಒನಕೆ ಹಿಡಿದೇ ಕೇಳಿದೆ, "ಯಾತರ ಮ್ಯಾಲೆ ಏರಿಸ್ಯಾರೊ?"

"ಪರದೇಶದ ಸ್ಟೌ ಪಿನ್ ಮ್ಯಾಲೆ! ಇನ್ನ ನಮ್ಮ ಪಿನ್ ಬಿಟ್ರ ಮುಂಬೈ ಹೆಣ್ಣುಮಕ್ಕಳಿಗೆ ಗತಿ ಇಲ್ಲ, ತಿಳಿ!"

ಸೌದೆ ಒಲೆಯ ಮುಂದೆ ಕೂತು ಇದನ್ನು ಓದುವ ಅಕ್ಕತಂಗಿಯರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮುಂಬೈಯ ಚಾಳಿನಲ್ಲಿ ಸೌದೆಗೆ ಜಾಗವಿಲ್ಲ. ಗಾಳಿ ಹಾಕುವ ಸೀಮೆಎಣ್ಣೆ ಸ್ಟೌವೇ ನಮ್ಮ ಅಗ್ನಿದೇವ. ಎಣ್ಣೆಯ ಹಬೆ ಒಂದು ಸಣ್ಣ ರಂಧ್ರದಿಂದ ಮೇಲೆ ಬಂದು ಉರಿಯುತ್ತದೆ. ಆ ರಂಧ್ರಕ್ಕೆ ಮಸಿ ಕಟ್ಟಿದರೆ ಉರಿ ಹಳದಿಯಾಗಿ, ಅಳುತ್ತ ಆರಿಹೋಗುತ್ತದೆ. ಆಗ ಬೇಕು ಪಿನ್ನು: ತಗಡಿನ ಒಂದು ಹಿಡಿ, ಅದರ ತುದಿಗೆ ಕೂದಲಿನಷ್ಟು ತೆಳು ತಂತಿ. ಚುಚ್ಚಿದರೆ ಸ್ಟೌ ಮತ್ತೆ ಭರ್ರೆಂದು ಹಾಡುತ್ತದೆ. ಇಷ್ಟು ಸಣ್ಣ ವಸ್ತು ಕೂಡ ಏಳು ಸಮುದ್ರದಾಚೆಯಿಂದ ಬರುತ್ತಿತ್ತು.

ಸೀನ ಗಿರಣಿಯ ಆಫೀಸಿನ ಖಾತ್ರಿ ನೌಕರಿ ಬಿಟ್ಟು ಜೋಗೇಶ್ವರಿಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಇದೇ ಪಿನ್ನು ಮಾಡಲು ಹೊರಟಿದ್ದ. ಧಾರವಾಡದ ಕಡೆಯಿಂದ ನಾಲ್ಕು ಜನರನ್ನೂ ಕರೆತಂದಿದ್ದ. ಪಿನ್ನು ಚೆನ್ನಾಗಿಯೇ ಬಂದವು, ಕೊಳ್ಳುವವರು ಬರಲಿಲ್ಲ. ಪರದೇಶದ್ದೇ ಅಗ್ಗ, ಹೆಸರೂ ಅದಕ್ಕೇ. ಲೋಹದ ಪೇಟೆಯ ಒಬ್ಬ ಸೇಠ ಮಾತ್ರ ಇವನ ಮಾಲು ನೋಡಿ ತಲೆಯಾಡಿಸಿದ್ದ. ಆದರೆ ದರದ ಮಾತು ಬಂದಾಗ ಆಡಿಸಿದ ತಲೆಯನ್ನು ನಿಲ್ಲಿಸಿದ್ದ. ಈಗ ಸುಂಕ ಏರಿ ಪರದೇಶದ ಪಿನ್ನು ತುಟ್ಟಿಯಾಯಿತು. ಸೇಠ ತಾನಾಗಿ ಕರೆದು ದೊಡ್ಡ ಆರ್ಡರು ಕೊಟ್ಟಿದ್ದ. ಈ ಆರ್ಡರು ಉಳಿದರೆ ಶೆಡ್ಡು ಉಳಿಯುತ್ತದೆ. ತಪ್ಪಿದರೆ ನಾಲ್ಕು ಜನ ಧಾರವಾಡದ ಗಾಡಿ ಹತ್ತಬೇಕು, ಸೀನ ಬಿಟ್ಟುಬಂದ ಗುಮಾಸ್ತನ ಸ್ಟೂಲಿಗಾಗಿ ಗಿರಣಿಯ ಬಾಗಿಲಲ್ಲಿ ನಿಲ್ಲಬೇಕು.

ನಾನು ದೇವಿಗೆ ಮೊದಲೇ ಹರಕೆ ಹೊತ್ತಿದ್ದೆ. ನಮ್ಮ ಕಡೆ ಹೊಲದ ಮೊದಲ ತೆನೆ, ಕರು ಹಾಕಿದ ಆಕಳ ಮೊದಲ ಹಾಲು ದೇವರಿಗೆ ಮೀಸಲು. ಶೆಡ್ಡಿನ ಮೊದಲ ಫಲವೂ ಹಾಗೇ ಅಲ್ಲವೇ? ಆದರೆ ಪಿನ್ನನ್ನು ದೇವಿ ತಿನ್ನುವುದಿಲ್ಲ. ಅದಕ್ಕೇ, "ತಾಯೀ, ಇವನಿಗೆ ಆರ್ಡರು ಬರಲಿ. ಆ ಆರ್ಡರಿನ ಮೊದಲ ಪಿನ್ನಿನಿಂದ ಸ್ಟೌ ಹೊತ್ತಿಸಿ, ನಿನ್ನ ಬಾಗಿಲಿಗೇ ಬಂದು ಪಾಯಸ ಮಾಡಿ ಉಣಿಸುತ್ತೇನೆ" ಎಂದು ಬೇಡಿಕೊಂಡಿದ್ದೆ.

ನಮ್ಮ ಮನೆಯವರು ಸಂಜೆ ಬಂದು ಸುದ್ದಿ ಕೇಳಿ ನಕ್ಕರು. "ಸುಂಕಾ ಏರಿಸಿದವ್ರು ದಿಲ್ಲಿಯವರು. ನೀ ಹರಕಿ ತೀರಸಾಕಿ ಗೋವಾದ ದೇವಿಗೆ. ಇಬ್ರಿಗೂ ಪರಿಚಯ ಅದ ಏನು?"

"ದೇವಿಗೆ ಎಲ್ಲಾರೂ ಪರಿಚಯನ ಬಿಡ್ರಿ. ನೀವು ರಜಾ ಕೇಳ್ರಿ," ಅಂದೆ. ಹಿಟ್ಟು ಕಲ್ಲಾಗಿತ್ತು, ಆ ಸಲದ ಹಪ್ಪಳ ನಮ್ಮ ಹಲ್ಲಿನ ಪರೀಕ್ಷೆ ಮಾಡಿದವು.

ಧಕ್ಕೆ ಮತ್ತು ಹಡಗು

ಅತ್ತೆಯವರ ಮನೆತನ ಎಂದೋ ಗೋವೆಯಿಂದ ಘಟ್ಟ ಹತ್ತಿ ಬೆಳಗಾವಿಯ ಕಡೆ ಬಂದದ್ದು. ಆದ್ದರಿಂದ ನಮ್ಮ ಕುಲದೇವಿ ಈಗ ಪರದೇಶದವಳು. ನನಗೆ ಇದು ಇನ್ನೂ ಸೋಜಿಗ. ಲಂಡನ್ನಿಗೆ ಹೋದವರು ಪರದೇಶಕ್ಕೆ ಹೋದೆವು ಎನ್ನಲಿ; ಬೆಳಗಾವಿಯಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಬುತ್ತಿ ಹಳಸುವ ಮೊದಲು ಮುಟ್ಟುವ ಊರಿಗೆ ಹೋಗಿ ಬಂದ ನಾನೂ ಹಾಗೆಯೇ ಅನ್ನಬೇಕು. ಅಲ್ಲಿ ಪೋರ್ತುಗೀಜರ ರಾಜ್ಯ. ಬಾವುಟ ಬೇರೆ, ರೂಪಾಯಿ ಬೇರೆ, ಪೊಲೀಸರ ಟೊಪ್ಪಿಗೆ ಬೇರೆ.

ಮುಂಬೈ ಬಂದರಿನ ಭಾವೂಚಾ ಧಕ್ಕೆಯಲ್ಲಿ ಹಡಗು ಹತ್ತುವ ಮೊದಲೇ ಮೊದಲ ಫಜೀತಿ. ಮಡಿಯಲ್ಲಿ ಅಡಿಗೆ ಮಾಡಬೇಕೆಂದು ನನ್ನ ಸ್ಟೌ, ಎಣ್ಣೆಯ ಡಬ್ಬಿ, ಹಿತ್ತಾಳೆ ಪಾತ್ರೆ ಎಲ್ಲ ಗೋಣಿಚೀಲದಲ್ಲಿ ತುಂಬಿದ್ದೆ. ಸೀನ ಕೊಟ್ಟ ಆರ್ಡರಿನ ಮೊದಲ ಪಿನ್ನನ್ನು ಮುಡುಪು ಕಟ್ಟಿ ಜೊತೆಗಿಟ್ಟುಕೊಂಡಿದ್ದೆ. ಸ್ಟೌವಿನಲ್ಲಿ ಉಳಿದಿದ್ದ ಎಣ್ಣೆ ಸೋರಿ ಹಾಸಿಗೆಯ ಸುರುಳಿಗೆ ಇಳಿಯಿತು. ಕೂಲಿಯವನು ತಲೆಯ ಮೇಲಿಂದ ಚೀಲ ಇಳಿಸಿ ಮೂಸಿ ನೋಡಿ, "ಬಾಯಿ, ನಿಮ್ಮ ಗಾದಿಗೆ ಬೆಂಕಿಕಡ್ಡಿ ತೋರಿಸಬೇಡಿ" ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದ. ದೇವರ ದಯೆ, ಅವನಿಗೆ ಬೀಡಿಯ ಚಟ ಇರಲಿಲ್ಲ. ಹಡಗಿನ ಮೇಲೆ ಸ್ಟೌ ಹಚ್ಚುವಂತಿಲ್ಲ ಎಂದು ಖಲಾಸಿ ಗದರಿದ. ನಾನು ಹಚ್ಚುವುದಕ್ಕೆ ಹೊಟ್ಟೆಯಾದರೂ ನೆಟ್ಟಗಿರಬೇಕಲ್ಲ? ಬಂದರಿನ ಗೋಡೆ ದಾಟಿದ್ದೇ ತಡ, ಮಲಗಿದವಳು ರತ್ನಾಗಿರಿಯವರೆಗೆ ಏಳಲಿಲ್ಲ. ಮೊಸರವಲಕ್ಕಿಯ ಡಬ್ಬಿಯನ್ನು ನಮ್ಮವರೇ ಖಾಲಿ ಮಾಡಿದರು.

ಡೆಕ್ಕಿನ ಮೇಲೆ ನನ್ನ ಪಕ್ಕದ ಚಾಪೆಯವಳು ಮಾರಿಯಾಬಾಯಿ. ಗೋವೆಯವಳು, ಮುಂಬೈಯಲ್ಲಿ ಒಂದು ಪಾರ್ಸಿ ಮನೆಯಲ್ಲಿ ಅಡಿಗೆಯವಳು. ಕೊರಳಲ್ಲಿ ಶಿಲುಬೆ, ಬಾಯಲ್ಲಿ ಎಲೆಯಡಿಕೆ. ನನ್ನ ಹಣೆಗೆ ತಾನೇ ನಿಂಬೆಹಣ್ಣು ತಿಕ್ಕಿದಳು. ಅವಳು ಮುಟ್ಟಿದ್ದಕ್ಕೆ ನನ್ನ ಮಡಿ ಹೋಯಿತು, ಅದರ ಜೊತೆ ತಲೆಸುತ್ತೂ ಹೋಯಿತು. ಲೆಕ್ಕ ಸರಿಹೋಯಿತು ಅಂದುಕೊಂಡೆ.

ಅವಳ ಗಂಡ ಹಡಗಿನಲ್ಲಿ ಖಲಾಸಿ, ತಮ್ಮ ಅಂಧೇರಿಯಲ್ಲಿ ದರ್ಜಿ, ಭಾವ ಆಫ್ರಿಕಾದಲ್ಲಿ. ನಾನು ಕೇಳಿದೆ, "ಎಲ್ಲರೂ ಹೊರಗೇ ಇದ್ದೀರಲ್ಲ, ನಿಮ್ಮ ಊರಲ್ಲಿ ಯಾರಿದ್ದಾರೆ?"

"ಸಾಮಾನು ಇದೆ!" ಎಂದು ನಕ್ಕಳು. ಆಮೇಲೆ ಕೊಂಕಣಿಯಲ್ಲಿ, "ಸಗ್ಳೆಂ ಮೆಳ್ತಾ ಬಾಯಿ, ಕಾಮ್ ಮಾತ್ರ್ ಮೆಳನಾ" ಅಂದಳು. ಎಲ್ಲ ಸಿಗುತ್ತದೆ, ಕೆಲಸ ಮಾತ್ರ ಸಿಗುವುದಿಲ್ಲ ಎಂದರ್ಥ. "ನೀವೇ ನೋಡುತ್ತೀರಿ. ಅಲ್ಲಿ ಸುಂಕವೆಂದರೆ ಹೆಸರಿಗೆ. ಹಾಲೆಂಡಿನ ಚೀಸು ನಮ್ಮ ಎಮ್ಮೆಯ ಹಾಲಿಗಿಂತ ಅಗ್ಗ."

ಎಮ್ಮೆಗೆ ಅವಮಾನವಾಯಿತು ಎಂದು ನನಗೆ ಅನ್ನಿಸಿತು.

ಪಣಜಿ

ಮಾರನೆಯ ದಿನ ಇಳಿದೆವು. ಇಷ್ಟು ಚೊಕ್ಕ ಊರು ನಾನು ನೋಡಿಲ್ಲ. ಮನೆಗಳಿಗೆ ಹಳದಿ, ನೀಲಿ ಬಣ್ಣ, ಬೀದಿಯಲ್ಲಿ ನೂಕುನುಗ್ಗಲಿಲ್ಲ, ಯಾರೂ ಓಡುವುದಿಲ್ಲ. ನಮ್ಮ ಸಯನ್ನಿನಲ್ಲಿ ಲೋಕಲ್ ಬರಲಿ ಬಿಡಲಿ, ಜನ ಓಡುತ್ತಲೇ ಇರುತ್ತಾರೆ. ಇಲ್ಲಿ ಊಟವಾದ ಮೇಲೆ ಇಡೀ ಊರು ಕದ ಹಾಕಿಕೊಂಡು ಮಲಗುತ್ತದೆ. ನಾವು ಹೋದದ್ದು ಸರಿಯಾಗಿ ಆ ಹೊತ್ತಿಗೆ. ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು, ಊರು ಎಚ್ಚರಾಗುವುದನ್ನು ಕಾಯ್ದೆವು. ನಮ್ಮವರಿಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ ಕಟ್ಟೆಯ ಮೇಲೆಯೇ ಪೋರ್ತುಗೀಜರ ಪ್ರಜೆಯಾಗಿ ಗೊರಕೆ ಹೊಡೆದರು.

ಕದ ತೆರೆದಾಗ ನನ್ನ ಕಣ್ಣೂ ತೆರೆಯಿತು. ಗಡಿಯಾರ, ಕೊಡೆ, ಬ್ಲೇಡು, ಫೌಂಟನ್ ಪೆನ್ನು, ಗಾಜಿನ ಲೋಟ, ಸೆಂಟಿನ ಸೀಸೆ, ನೈಲಾನು ಬಟ್ಟೆ, ಡಬ್ಬಿಯಲ್ಲಿ ಮೀನು. ಮುಂಬೈಯಲ್ಲಿ ಶ್ರೀಮಂತರ ಕಪಾಟಿನಲ್ಲಿ ಇರುವುದೆಲ್ಲ ಇಲ್ಲಿ ಮಣ್ಣಿನ ಕುಡಿಕೆಯ ಹಾಗೆ ಗುಡ್ಡೆ ಹಾಕಿತ್ತು. ಒಂದು ಮೂಲೆಯಲ್ಲಿ ಅವೂ ಇದ್ದವು, ಪರದೇಶದ ಸ್ಟೌ ಪಿನ್ನುಗಳು. ಕಾಗದದ ಪಾಕೀಟಿನಲ್ಲಿ ಮದುಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ದರ ಕೇಳಿದೆ. ಸೀನನದಕ್ಕಿಂತ ಎಷ್ಟೋ ಅಗ್ಗ. ಮೀಸಲು ಮುಡುಪು ಜೊತೆಯಲ್ಲಿಟ್ಟುಕೊಂಡು ಇದನ್ನು ನೋಡುವುದೂ ತಪ್ಪು ಎನ್ನಿಸಿ ಮುಖ ತಿರುಗಿಸಿದೆ.

ಅಂಗಡಿಯವನು ನಗುಮುಖದ ಮುದುಕ, ಮರಾಠಿ ಚೆನ್ನಾಗಿ ಆಡುತ್ತಿದ್ದ. ಕೇಳಿಯೇಬಿಟ್ಟೆ, "ಅಣ್ಣಾ, ಇದರಲ್ಲಿ ನಿಮ್ಮ ಊರಲ್ಲೇ ತಯಾರಾದದ್ದು ಯಾವುದು?"

ಅವನು ಮೇಲಿನಿಂದ ಕೆಳಗಿನವರೆಗೆ ಕಪಾಟು ನೋಡಿದ. ಒಳಗೂ ನೋಡಿದ. ಆಮೇಲೆ ಎದೆ ತಟ್ಟಿಕೊಂಡು, "ನಾನು" ಅಂದ.

ಮೂವರೂ ಹೊಟ್ಟೆ ಹಿಡಿದು ನಕ್ಕೆವು. ನಗು ಮುಗಿದ ಮೇಲೆ ಅವನು ಮೆಲ್ಲಗೆ, "ಮಗನೂ ಇಲ್ಲೇ ತಯಾರಾದವನೇ. ಆದರೆ ಅವನನ್ನು ನಿಮ್ಮ ಮುಂಬೈಗೆ ರಫ್ತು ಮಾಡಿದ್ದೇನೆ" ಅಂದ.

ಹೊಳೆಯ ದಂಡೆಯಲ್ಲಿ ಮೋಟಾರಿಗೆ ಕಾಯುವಾಗ ಕೆಂಪು ಮಣ್ಣು ತುಂಬಿದ ಅಗಲ ದೋಣಿಗಳು ಒಂದರ ಹಿಂದೊಂದು ಸಮುದ್ರದ ಕಡೆ ಹೋದವು. ನಮ್ಮವರು ಪತ್ರಿಕೆ ಓದುವವರು. ಅದು ಬರಿಯ ಮಣ್ಣಲ್ಲ, ಕಬ್ಬಿಣದ ಅದಿರು, ಜಪಾನಿಗೆ ಹೋಗುತ್ತದೆ ಎಂದರು.

"ಅಲ್ಲಿ ಹೋಗಿ ಏನಾಗ್ತದ?"

"ಕಾಯಿಸಿ ಕಬ್ಬಿಣ ಮಾಡ್ತಾರ. ತಗಡು, ತಂತಿ, ಮೊಳಿ."

"ಪಿನ್ನು?"

"ಪಿನ್ನೂ ಮಾಡ್ಯಾರು."

ಅಂದರೆ ಗೋವೆಯ ಮಣ್ಣು ದೋಣಿಯಲ್ಲಿ ಕೂತು ಹೋಗುತ್ತದೆ, ಪಾಕೀಟಿನಲ್ಲಿ ನಿಂತು ಬರುತ್ತದೆ. ಹೋಗುವಾಗ ಬುಟ್ಟಿಯ ಲೆಕ್ಕ, ಬರುವಾಗ ಡಜನ್ನಿನ ಲೆಕ್ಕ. ನಮ್ಮ ಮನೆಯ ಗೋದಿ ಪಕ್ಕದ ಮನೆಯವರಿಗೆ ಮಾರಿ, ಅವರಿಂದ ಚಪಾತಿ ಕೊಂಡ ಹಾಗಾಯಿತು ಅಂದೆ. ನಮ್ಮವರು, "ನಿನ್ನ ಅರ್ಥಶಾಸ್ತ್ರಕ್ಕ ಪುಸ್ತಕಾ ಬ್ಯಾಡ, ಲಟ್ಟಣಿಗಿ ಸಾಕು" ಎಂದು ನಕ್ಕರು. ಆದರೆ ಆಮೇಲೆ ಅವರೂ ಆ ದೋಣಿಗಳನ್ನೇ ನೋಡುತ್ತ ನಿಂತರು.

ದೇವಿಯ ಊರು

ದೇವಸ್ಥಾನ ಪೊಂಡೆಯ ಕಡೆಯ ಗುಡ್ಡಗಳ ನಡುವೆ. ದೀಪಸ್ತಂಭ, ಮುಂದೆ ಕೆರೆ. ನನ್ನ ಕಣ್ಣು ತುಂಬಿ ಬಂದು, ಒಳಗೆ ಹೋಗುವವರೆಗೆ ಏನೂ ಕಾಣಲಿಲ್ಲ. ಯಾವ ರಾಜನ ರಾಜ್ಯವಾದರೇನು, ತಾಯಿಯ ಮೂಗುತಿ ನಮ್ಮ ಮನೆಯ ಪಟದಲ್ಲಿ ಹೊಳೆಯುವ ಹಾಗೆಯೇ ಹೊಳೆಯುತ್ತಿತ್ತು.

ಅರ್ಚಕರ ಮನೆಯಲ್ಲಿ ಇಳಿದೆವು. ಅವರ ಹೆಂಡತಿ ಲಕ್ಷ್ಮೀಬಾಯಿ ಗಟ್ಟಿ ದನಿಯ ಹೆಂಗಸು. ಅವರು ಕೊಂಕಣಿ, ನಾನು ಚಾಳಿನಲ್ಲಿ ಕಲಿತ ಮರಾಠಿ. ಅಡಿಗೆಮನೆಯ ಮಾತು ಯಾವ ಭಾಷೆಯಲ್ಲೂ ತಿಳಿಯುತ್ತದೆ. ನನ್ನ ಗೋಣಿಚೀಲದಿಂದ ಸ್ಟೌ ಹೊರಬಂದಾಗ ಕೈ ಬಾಯಿಯ ಮೇಲಿಟ್ಟುಕೊಂಡರು. "ಏ ಗೋ ಬಾಯಿ, ಮುಂಬೈಯಿಂದ ಒಲೆ ಹೊತ್ತು ಬಂದಿಯಾ?" ಎಂದು, ತಮ್ಮ ಮೂಲೆಯಲ್ಲಿದ್ದ ಹೊರದೇಶದ ಸ್ಟೌ ತೋರಿಸಿದರು. ಹಿತ್ತಾಳೆ ಚಿನ್ನದ ಹಾಗೆ ಮಿಂಚುತ್ತಿತ್ತು. ದೇವಿಯ ಅರ್ಚಕರ ಮನೆಯಲ್ಲೂ ಅದೇ!

ನಾನು ಹರಕೆಯ ಸಂಗತಿ ಹೇಳಿದೆ. ಅವರು ಗಂಭೀರವಾಗಿ ಕೇಳಿ, "ಹಾಗಾದರೆ ನಿನ್ನ ಒಲೆಯೇ ಆಗಬೇಕು" ಎಂದು ಒಪ್ಪಿದರು.

ಮರುದಿನ ಕೆರೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಮಡಿಯಿಂದ ಪಡಸಾಲೆಯಲ್ಲಿ ಕೂತೆ. ಸೀನನ ಮೀಸಲು ಪಿನ್ನಿಗೆ ಅರಿಸಿನ ಕುಂಕುಮ ಹಚ್ಚಿ, ದೇವಿಯನ್ನು ನೆನೆದು ಚುಚ್ಚಿದೆ. ಸ್ಟೌ ಹೊತ್ತಿತು. ನೀಲಿ ಉರಿ. ಅಕ್ಕಿ, ಬೆಲ್ಲ, ತೆಂಗಿನ ಹಾಲು. ಪಾಯಸ ಕೊತಕೊತ ಎನ್ನತೊಡಗಿದಾಗ, ಧಾರವಾಡದ ನಾಲ್ಕು ಜನರ ಹೆಸರು ಹೇಳಿ, ಸೀನನ ಹೆಸರು ಹೇಳಿ, ಸೇಠನ ಹೆಸರೂ ಹೇಳಿ ಕೈಮುಗಿದೆ.

ಅರ್ಧ ಬೆಂದಿರಬೇಕು, ಉರಿ ಹಳದಿಯಾಯಿತು. ಮಸಿ. ಅದೇನು ಹೊಸದಲ್ಲ, ಮತ್ತೆ ಚುಚ್ಚಿದೆ. ಕಟ್ ಎಂದು ಒಂದು ಸಣ್ಣ ಸದ್ದು. ಕೈಯಲ್ಲಿ ತಗಡು ಉಳಿಯಿತು, ತಂತಿಯ ತುದಿ ಮುರಿದು ರಂಧ್ರದೊಳಗೇ ಕೂತುಬಿಟ್ಟಿತು. ಸ್ಟೌ ಉಸ್ಸೆಂದು ಆರಿತು.

ಆ ಉಸಿರು ಸ್ಟೌವಿನದೋ ನನ್ನದೋ ತಿಳಿಯಲಿಲ್ಲ. ನೈವೇದ್ಯದ ಗಂಟೆಯ ಹೊತ್ತು ಹತ್ತಿರವಾಗಿತ್ತು. ಮೀಸಲು ಮುರಿಯಿತೆಂದರೆ ತಾಯಿ ಒಲ್ಲೆ ಎಂದಂತೆಯೇ ಅಲ್ಲವೇ? ಸೀನನ ಪೆಟ್ಟಿಗೆಗಳಲ್ಲಿ ಇದೇ ಪಿನ್ನಿನ ಸಾವಿರಾರು ಒಡಹುಟ್ಟಿದವರು ಕೂತಿದ್ದಾರಲ್ಲ ಎಂದೂ ಹೊಳೆಯಿತು.

ಲಕ್ಷ್ಮೀಬಾಯಿ ಒಳಗಿನಿಂದ ಬಂದು ನೋಡಿದರು. ತಮ್ಮ ಸ್ಟೌ ಹಚ್ಚಿ ತಂದು, ನನ್ನ ಪಾತ್ರೆಯನ್ನು ಎತ್ತಿ ಅದರ ಮೇಲಿಟ್ಟರು.

"ಹರಕೆ?" ಅಂದೆ, ಅಳುವ ದನಿಯಲ್ಲಿ.

"ಆಯಿಗೆ ಹಸಿವಾಗಿದೆ ಗೋ. ಬೆಂಕಿ ಯಾವ ದೇಶದ್ದು ಅಂತ ಕೇಳ್ತಾಳಾ? ಕೈಯಾಡಿಸು, ತಳ ಹತ್ತೀತು!"

ಪಾಯಸ ಬೆಂದಿತು, ನೈವೇದ್ಯವಾಯಿತು. ಅರ್ಚಕರು ಪ್ರಸಾದ ಕೊಡುವಾಗ ಬಲಗಡೆಯ ಹೂ ಜಾರಿ ಬಿತ್ತು, ಅಷ್ಟು ನನಗೆ ಸಾಕಾಯಿತು. ನಮ್ಮವರು ಎರಡು ಸಲ ಹಾಕಿಸಿಕೊಂಡು ಉಂಡು, "ಅರ್ಧಾ ಸ್ವದೇಶಿ, ಅರ್ಧಾ ವಿದೇಶಿ. ರುಚಿ ಮಾತ್ರ ಪೂರ್ತಿ ಅದ" ಎಂದರು. ದೇವಿ ಕ್ಷಮಿಸಿದಳು, ಸರಿ. ಮುಂಬೈಯ ಹೆಂಗಸರು ಕ್ಷಮಿಸುತ್ತಾರೆಯೇ?

ಹಿಂದಿರುಗುವಾಗ ಪಣಜಿಯಲ್ಲಿ ಅದೇ ಮುದುಕನ ಅಂಗಡಿಗೆ ಹೋಗಿ ಒಂದು ಪಾಕೀಟು ಪರದೇಶದ ಪಿನ್ನು ಕೊಂಡೆ. ಸೀನನ ಕಣ್ಣೆದುರು ಎರಡನ್ನೂ ಇಟ್ಟು ಕೇಳಬೇಕಾಗಿತ್ತು.

ಮರಳಿ ಧಕ್ಕೆಗೆ

ಹಡಗಿನಲ್ಲಿ ಹೋಗುವಾಗ ಸಪೂರಾಗಿದ್ದ ಹೆಂಗಸರು ಬರುವಾಗ ದಪ್ಪಗಾಗಿದ್ದರು. ಗೋವೆಯ ಗಾಳಿ ಒಳ್ಳೆಯದು ಅಂದುಕೊಂಡೆ. ಮುಂಬೈ ಹತ್ತಿರವಾದಂತೆ ತಿಳಿಯಿತು: ಒಬ್ಬಳ ಸೀರೆಯ ಕೆಳಗೆ ಇನ್ನೆರಡು ನೈಲಾನು ಸೀರೆ. ಇನ್ನೊಬ್ಬಳ ರವಕೆಯ ತೋಳಿನೊಳಗೆ ಟಿಕ್‌ಟಿಕ್ ಸದ್ದು. ಆ ಸೆಕೆಯಲ್ಲಿ ಒಬ್ಬ ದೊಡ್ಡ ಮನುಷ್ಯರು ಕೋಟಿನ ಗುಂಡಿ ಬಿಚ್ಚಲಿಲ್ಲ. ಅವರ ಎದೆಯಿಂದ ಸೆಂಟಿನ ಪರಿಮಳ ಅಲೆಅಲೆಯಾಗಿ ಬರುತ್ತಿತ್ತು, ಒಳಗೆ ಸೀಸೆ ಸೋರಿತ್ತೆಂದು ಕಾಣುತ್ತದೆ. ನನ್ನ ಎಣ್ಣೆಯ ಗಾದಿಗೆ ಜೊತೆ ಸಿಕ್ಕಿತು.

ಸುಂಕದ ಕಟ್ಟೆಯಲ್ಲಿ ಸರತಿ. ನಮ್ಮ ಮುಂದಿದ್ದ ಅಧಿಕಾರಿ ಎಳೆಯ ವಯಸ್ಸಿನವನು. ನಮ್ಮಿಬ್ಬರ ಮಾತು ಕೇಳಿ ಮುಖ ಅರಳಿಸಿ, "ಎಲ್ಲಿಯವರ್ರೀ ಅಕ್ಕಾರ? ನಾ ಬಿಜಾಪುರದ ಕಡಿಯಾವ" ಅಂದ. ಪರದೇಶದಿಂದ ಬಂದು ಮೊದಲು ಕೇಳಿದ ಮಾತೇ ಕನ್ನಡ, ಅದೂ ಒಂದು ಪುಣ್ಯ.

"ಏನಾರ ಐತೇನ್ರಿ ಹೊರಗಿನ ಸಾಮಾನ?"

"ಅದಾವಪ್ಪಾ," ಎಂದು ಪಾಕೀಟು ತೆಗೆದು ಅವನ ಮೇಜಿನ ಮೇಲಿಟ್ಟೆ.

ಅವನು ಪಿನ್ನು ನೋಡಿದ, ನನ್ನನ್ನು ನೋಡಿದ. "ಇಷ್ಟ ಏನ್ರಿ? ಮನಿ ಬಳಕಿಗೆ ತಂದೀರಿ. ಇದಕ್ಕೇನ್ ಸುಂಕಾ ತಗೊಳ್ಳೂದ್ರಿ? ಇಟ್ಕೊಂಡ್ ಹೋಗ್ರಿ."

"ಮನಿ ಬಳಕಿಗೆ ಅಲ್ಲ, ಕಾರಖಾನೀಗೆ ತೋರಸಲಿಕ್ಕೆ. ಇದರ ಮ್ಯಾಲೆ ಸುಂಕಾ ಅದನೋ ಇಲ್ಲೊ, ಅಷ್ಟು ಹೇಳು."

"ಐತ್ರಿ. ಮನ್ನೆ ಏರೇತ್ರಿ."

"ಹಂಗಾದ್ರ ತಗೊ. ಈ ಸುಂಕಾ ಏರಿದ್ದಕ್ಕ ನನ್ನ ತಮ್ಮಗ ಆರ್ಡರ್ ಬಂತಂತ ನಾ ದೇವಿಗೆ ಹೊತ್ತ ಹರಕಿ ತೀರಿಸಿ ಬಂದೀನಿ. ಈಗ ನಾನ ಕೊಡದ ಹೋದ್ರ ದೇವಿ ನಗೂದಿಲ್ಲೇನು?"

ಅವನು ಪೆನ್ನು ಕೆಳಗಿಟ್ಟ. ಬಹುಶಃ ಅವನ ನೌಕರಿಯಲ್ಲಿ ಇಂಥದು ನಡೆದಿರಲಿಕ್ಕಿಲ್ಲ. ಹಿಂದೆ ಕೂತಿದ್ದ ಹಿರಿಯ ಅಧಿಕಾರಿಗೆ ಹಿಂದಿಯಲ್ಲಿ ಕೂಗಿ ಹೇಳಿದ: ಸಾಹೇಬರೇ, ಇಲ್ಲೊಬ್ಬ ತಾಯಿ ನಮ್ಮ ಸುಂಕಕ್ಕೆ ಹರಕೆ ಹೊತ್ತಿದ್ದಾರೆ! ಹಿರಿಯರು ಎದ್ದು ಬಂದು ನನಗೆ ಕೈಮುಗಿದರು. ಅವರು ಬಂದದ್ದೇ ಕಷ್ಟವಾಯಿತು. ನನ್ನ ಹಿಂದಿನ ಸಾಲಿನಲ್ಲಿ ಮೂರು ಸೀರೆಯವರು, ಟಿಕ್‌ಟಿಕ್ಕಿನವರು ಬೆವರಿನಲ್ಲಿ ತೊಯ್ದುಹೋದರು. "ಯೇ ಬಾಯಿ, ಜಲ್ದಿ ಕರೋ ನಾ! ದುಡ್ಡು ಕೊಡುವುದಕ್ಕೂ ಇಷ್ಟು ಭಜನೆಯೇ?" ಎಂದು ಒಬ್ಬಳು ಚೀರಿದಳು. ನಮ್ಮವರು ಬೇರೆ ಯಾರದೋ ಗಂಡನ ಹಾಗೆ ಸಮುದ್ರ ನೋಡುತ್ತಿದ್ದರು.

ಸುಂಕ ಕೊಟ್ಟೆ. ಕೊಡುವಾಗ ಕೈಗೆ ತಿಳಿಯಿತು, ಪಿನ್ನಿನ ಬೆಲೆಗಿಂತ ಅದೇ ಭಾರ. ಸುಂಕವೆಂದರೆ ಪರದೇಶದ ಸಾಹುಕಾರನ ಕಿಸೆಯಿಂದ ಬರುತ್ತದೆ ಎಂದೇ ನಾನು ಆವರೆಗೆ ತಿಳಿದಿದ್ದೆ. ಬಂದದ್ದು ನನ್ನ ಸೆರಗಿನ ಗಂಟಿನಿಂದ.

ಜೋಗೇಶ್ವರಿ

ಗಾದಿಯನ್ನು ಗಚ್ಚಿಯ ಮೇಲೆ ಬಿಸಿಲಿಗೆ ಹಾಕಿ, ಮರುದಿನವೇ ದಾದರಿನಲ್ಲಿ ಗಾಡಿ ಬದಲಿಸಿ ಜೋಗೇಶ್ವರಿಗೆ ಹೋದೆ. ಸ್ಟೇಶನ್ನಿನಿಂದ ಶೆಡ್ಡಿನವರೆಗೆ ಎಷ್ಟು ಸದ್ದು! ಒಂದು ಕಡೆ ಬಾಚಣಿಗೆ ಕೊರೆಯುತ್ತಾರೆ, ಒಂದು ಕಡೆ ಕೊಡೆಯ ಕಡ್ಡಿ ಬಡಿಯುತ್ತಾರೆ, ಇನ್ನೊಂದು ಕಡೆ ಗುಂಡಿಗೆ ತೂತು ಹಾಕುತ್ತಾರೆ. ಮೊದಲು ಇಲ್ಲಿಗೆ ಬಂದಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಪಣಜಿಯ ನಿದ್ದೆ ನೋಡಿ ಬಂದ ಮೇಲೆ, ಈ ಗದ್ದಲ ಕೂಸಿರುವ ಮನೆಯ ಗದ್ದಲದ ಹಾಗೆ ಕೇಳಿತು.

ಸೀನ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ. "ಬಾ ಅಕ್ಕಾ! ನಾಳೆ ಮಾಲು ಸೇಠನ ಕಡೆ ಹೊಂಟದ. ಹರಕಿ ಛಲೋ ಆತಲ್ಲ?"

ಅಲ್ಲಿ ಚಹಾ ಕಾಸುವ ಸ್ಟೌ ಇತ್ತು. ನಾನು ಒಂದು ಪೆಟ್ಟಿಗೆಯಿಂದ ಒಂದು ಪಿನ್ನು ತೆಗೆದು ಚುಚ್ಚಿದೆ. ನಿಂತಿತು. ಮತ್ತೆ ಚುಚ್ಚಿದೆ, ಬಾಗಿತು. ಮತ್ತೆ ಚುಚ್ಚಿದೆ, ಕಟ್. ಪಾಕೀಟಿನಿಂದ ಪರದೇಶದ ಪಿನ್ನು ತೆಗೆದು, ಅದರಲ್ಲೇ ಮುರಿದ ಚೂರನ್ನು ಕೆದಕಿ ಹೊರಗೆ ಹಾಕಿದೆ. ಅದು ನೆಟ್ಟಗೇ ಉಳಿಯಿತು. ಆಮೇಲೆ ಗೋವೆಯಲ್ಲಿ ಆದದ್ದೆಲ್ಲ ಹೇಳಿದೆ.

ಸೀನನ ಮುಖ ಸಣ್ಣದಾಯಿತು. "ತಂತಿ ಬ್ಯಾರೆ ಅಕ್ಕಾ," ಅಂದ. "ಸೇಠಗ ತೋರಿಸಿದ್ದು ಪರದೇಶದ ಉಕ್ಕಿನ ತಂತೀದು. ಪಿನ್ ಮ್ಯಾಲೆ ಸುಂಕಾ ಏರಿಸಿದವ್ರು ತಂತಿ ಮ್ಯಾಲೂ ಏರಿಸಿಬಿಟ್ರು. ಆ ತಂತಿ ಹಾಕಿದ್ರ ನನಗ ಏನೂ ಉಳಿಯೂದಿಲ್ಲ. ಇಲ್ಲಿದು ಮೆತ್ತಗ ಅದ, ಖರೆ. ಆದ್ರ ಈಗ ಜನಾ ಎಲ್ಲಿಗೆ ಹೋಗ್ತಾರ ಹೇಳು? ಅವರಿಗೆ ಬ್ಯಾರೆ ಪಿನ್ ಎಲ್ಲದ?"

"ಅಂದ್ರ ನಿನಗ ಗೊತ್ತಿತ್ತು."

ಅವನು ಹಗ್ಗದ ಗಂಟು ನೋಡುತ್ತ ಕೂತ. ಒಳಗೆ ಯಂತ್ರದ ಸದ್ದು ನಿಂತಿತ್ತು. ನಾಲ್ಕು ಜನರೂ ಕಿವಿ ಇತ್ತಲೇ ಇಟ್ಟಿದ್ದರು.

"ಸೀನಾ, ಧಕ್ಕಿ ಮ್ಯಾಲೆ ಸುಂಕಾ ಕೊಟ್ಟಾಕಿ ನಾನು. ಸರಕಾರದವ್ರು ನಿನ್ನ ಸಲುವಾಗಿ ನನ್ನ ಕಡಿಂದ ತಗೊಂಡ್ರು. ಕೊಡ್ತೀನಿ, ಬ್ಯಾಡ ಅನ್ನೂದಿಲ್ಲ. ಈ ಊರಾಗ ಎಲ್ಲಾ ಹೆಣ್ಣುಮಕ್ಕಳೂ ಒಂದೊಂದು ಪಿನ್ನಿಗೆ ಅಷ್ಟಷ್ಟು ಹೆಚ್ಚು ಕೊಟ್ಟು, ನಿನ್ನ ಶೆಡ್ ನಿಲ್ಲಲಿ ಅಂತ ಕೈ ಹಚ್ಚಲಿಕ್ಕತ್ತಾರ. ಅವರ ಕೈಯಾಗ ಮುರಿಯೂ ಪಿನ್ ಇಡ್ತೀ? ಗಂಡಾ ಊಟಕ್ಕ ಕೂತಾಗ, ಕೂಸು ಹಾಲಿಗೆ ಅಳೂವಾಗ ಸ್ಟೌ ಆರಿದ್ರ ಹೆಂಗ ಬೈತಾರ ನಿನಗೇನು ಗೊತ್ತು? ನನಗ ಗೊತ್ತದ."

"ಮಾಲು ನಿಲ್ಲಿಸಿದ್ರ ಸೇಠ ಆರ್ಡರ್ ಕಸ್ಕೋತಾನ."

"ಕಳಿಸಿದ್ರ ಮುಂದಿನ ಆರ್ಡರ್ ಕೊಡೂದಿಲ್ಲ. ಯಾವುದು ಛಲೋ ನೀನ ನೋಡು."

ನಾನು ಚಹಾ ಕುಡಿಯದೆ ಎದ್ದು ಬಂದೆ. ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು. ಆ ದಿನದ ದಯೆ ಅದೊಂದೇ.

ಮತ್ತೆ ಸಯನ್

ಸೀನ ಬಹಳ ದಿನ ಈ ಕಡೆ ಸುಳಿಯಲಿಲ್ಲ. ನಾನು ದಿನಾ ದೇವರ ಮುಂದೆ ದೀಪ ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದೆ. ಏನು ಬೇಡಬೇಕೆಂದು ತಿಳಿಯುತ್ತಿರಲಿಲ್ಲ: ಮಾಲು ಹೋಗಲಿ ಎನ್ನಲೇ, ನಿಲ್ಲಲಿ ಎನ್ನಲೇ? ನಮ್ಮವರು ಪತ್ರಿಕೆಯ ಹಿಂದಿನಿಂದ, "ಒಬ್ಬ ತಮ್ಮನ್ನ ಉಳಸಲಿಕ್ಕೆ ಹೋಗಿ ಕಳಕೊಂಡಿ ಕಾಣ್ತದ" ಎಂದರು. ಅವರೂ ಹಾಗೆಂದು ಬಾಗಿಲ ಕಡೆ ನೋಡುತ್ತಿದ್ದರು.

ಒಂದು ಸಂಜೆ ಅವನು ಬಂದ. ಗಡ್ಡ ಬಂದಿತ್ತು, ಬೆರಳಿಗೆ ಪಟ್ಟಿ ಕಟ್ಟಿತ್ತು. ಕೂತವನು ಮೊದಲು ನೀರು ಕೇಳಿ ಕುಡಿದ.

"ಪೆಟ್ಟಿಗಿ ಬಿಚ್ಚಿದೆ ಅಕ್ಕಾ. ಸೇಠನ ಮುಂದ ಹೋಗಿ ಖರೇ ಹೇಳಿದೆ. ಎಂಥಾ ಬೈಗಳು ಅಂತೀ! ಗುಜರಾತಿ ಒಳಗ ಅಷ್ಟು ಶಬ್ದ ಅದಾವಂತ ನನಗ ಗೊತ್ತಿರಲಿಲ್ಲ."

"ಆಮ್ಯಾಲೆ?"

"ಬೈದು ಬೈದು ಸಾಕಾಗಿ, ಚಹಾ ತರಿಸಿ, 'ಕಬ್ ದೇಗಾ?' ಅಂದ, ಯಾವಾಗ ಕೊಡ್ತಿ ಅಂತ. ಅರ್ಧಾ ಆರ್ಡರ್ ಉಳೀತು. ಉಕ್ಕಿನ ತಂತಿ ತಂದು ಮತ್ತ ಶುರು ಮಾಡೀವಿ. ಮೊದಲನೇ ಮಾಲು ನಿನ್ನೆ ಹೋತು."

"ನಿನಗೇನರ ಉಳೀತದೊ?"

"ನಾಲ್ಕು ಮಂದಿ ಪಗಾರ ಉಳೀತದ. ನಂದು ಮುಂದ ನೋಡೂಣು," ಎಂದು ನಕ್ಕ. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ನಾಲ್ಕು ಜನ ಧಾರವಾಡದ ಗಾಡಿ ಹತ್ತುವುದಿಲ್ಲ, ಇವನು ಸ್ಟೂಲು ಬೇಡುವುದಿಲ್ಲ. ಇನ್ನೇನು ಬೇಕು?

ಅವನು ಕಿಸೆಯಿಂದ ಒಂದು ಕಾಗದ ತೆಗೆದು ನಮ್ಮವರ ಮುಂದೆ ಹಿಡಿದ. ಜೋಗೇಶ್ವರಿಯ ಸಣ್ಣ ಕಾರಖಾನೆಯವರೆಲ್ಲ ಕೂಡಿ ಸರಕಾರಕ್ಕೆ ಬರೆದ ಅರ್ಜಿ: ತಯಾರಾದ ಸಾಮಾನಿನ ಮೇಲೆ ಸುಂಕ ಇರಲಿ, ಅದನ್ನು ತಯಾರಿಸಲು ಬೇಕಾದ ತಂತಿಯ ಮೇಲೆ ಇಳಿಸಿರಿ ಎಂದು. ಇಂಗ್ಲಿಷು ಸರಿ ಇದೆಯೇ ನೋಡಬೇಕಂತೆ. ನಮ್ಮವರು ಕನ್ನಡಕ ಹಾಕಿಕೊಂಡು ತಿದ್ದುತ್ತಿದ್ದರು. ನಾನು ಕೇಳಿದೆ, "ಕೆಳಗ ಯಾರ್ಯಾರ ಸಹಿ ಅದ?"

"ಎಲ್ಲಾ ಕಾರಖಾನೀ ಮಾಲಕರದು."

"ಬರೇ ಮಾಡಾವ್ರದು ಇದ್ರ ಹೆಂಗ? ಚುಚ್ಚಾವ್ರದು ಬ್ಯಾಡೇನು? ನನ್ನ ಸಹೀನೂ ತಗೊ."

ಸೀನ ನಮ್ಮವರ ಮುಖ ನೋಡಿದ. ಅವರು ಪೆನ್ನು ನನ್ನ ಕಡೆ ಚಾಚಿ, "ಕೊಡಪಾ. ಸುಂಕಾ ಕೊಟ್ಟಾಕಿ ಆಕಿ ಒಬ್ಬಾಕಿನ" ಎಂದರು.

"ಹೆಸರಿನ ಮುಂದ ಏನಂತ ಬರೀಲಿ ಅಕ್ಕಾ? ಮಾಲಕರು ಅನ್ನೂ ಹಂಗಿಲ್ಲ."

"ಸ್ಟೌ ಹಚ್ಚಾಕಿ ಅಂತ ಬರಿ."

ಕನ್ನಡದಲ್ಲೇ ಸಹಿ ಹಾಕಿದೆ, ದುಂಡಗೆ. ಮಸಿ ಆರಲೆಂದು ಊದುತ್ತಿದ್ದಾಗ ಕೆಳಗಿನಿಂದ ನಲ್ಲಿ ಬಂತೆಂದು ಕೂಗು ಕೇಳಿತು. ಕಾಗದವನ್ನು ಸೀನನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಎರಡು ಕೊಡ ಎತ್ತಿಕೊಂಡು ನೀರು ಹಿಡಿಯಲು ಇಳಿದೆ.